ನೆರಳಲ್ಲಿ ಒಣಗಿಸಿದ ಮಣ್ಣು

ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸಬೇಕಾದರೆ ಹಳಿಯಾಳ ಕಡೆಯ ನಮ್ಮ ಹಳ್ಳಿಯಲ್ಲಿ ಜನ ಶರೀಫಾ ಸಿದ್ದಿಯ ಮನೆಗೆ ಹೋಗುತ್ತಿದ್ದರು. ಆಕೆ ಓದಿದ್ದು ನಾಲ್ಕನೆಯ ಇಯತ್ತೆ. ಕೃಷಿ ಇಲಾಖೆಯ ಚನಬಸಪ್ಪ ಹದಿನೈದು ವರ್ಷದ ಹಿಂದೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. ಹತ್ತು ಕಡೆ ಗೇಣು ಆಳ ಅಗೆದು ಮಣ್ಣು ಕೂಡಿಸಬೇಕು, ನೆರಳಲ್ಲಿ ಹರವಿ ಒಣಗಿಸಬೇಕು, ಹೆಂಟೆ ಒಡೆದು ಜರಡಿ ಹಿಡಿದು ಬಟ್ಟೆಚೀಲಕ್ಕೆ ತುಂಬಬೇಕು. ಪಕ್ಕದ ಗದ್ದೆಯ ಲುಯಿಸ್ ಕಾಡಿಸುತ್ತಿದ್ದ: "ಏನಬೇ ಶರೀಫಾ, ಮಣ್ಣಿಗೆ ಅರಿಷಿಣ ಹಚ್ಚೂದೊಂದ ಬಾಕಿ ಐತಿ. ಲಗ್ನ ಯಾವಾಗ?"

"ನಿನ್ನ ಹೊಲದ ಚೀಲಾನೂ ನಾನ ಕಟ್ಟೇನಿ. ಬಾಯಿ ಮುಚ್ಚು."

ಮೂರು ವರ್ಷದ ಹಿಂದೆ ಆಕೆಯ ಗದ್ದೆಯ ಮೇಲ್ಬದಿಗೆ ಒಂದು ಶೆಡ್ ಎದ್ದಿತು. ಬಣ್ಣ, ಥಿನ್ನರ್ ತುಂಬಿದ್ದ ಹಳೆಯ ಡ್ರಮ್ಮುಗಳನ್ನು ತೊಳೆದು ಮಾರುವ ದಂಧೆ. ತೊಳೆದದ್ದನ್ನು ಹಿಂದಿನ ಹೊಂಡಕ್ಕೆ ಬಿಡುತ್ತಿದ್ದರು. ಅಲ್ಲಿಂದ ಇಳಿದದ್ದು ಶರೀಫಾಳ ಗದ್ದೆಗೂ ಬಂತು, ಬಾವಿಗೂ ಬಂತು. ನೆಲ ಕೆದರಿದರೆ ಹೊಸದಾಗಿ ಪೇಂಟು ಬಳಿದ ಬಾಗಿಲಿನ ವಾಸನೆ. ಕಳೆ ಕೀಳಲು ಬಂದ ಹೆಂಗಸರು ಮಧ್ಯಾಹ್ನದೊಳಗೆ ತಲೆ ಹಿಡಿದುಕೊಂಡು ಬದುವಿನ ಮೇಲೆ ಕೂರುತ್ತಿದ್ದರು.

ಮಾಲಿನ್ಯ ನಿಯಂತ್ರಣ ಕಚೇರಿಯ ಮುಂದೆ ನಾವು ಹನ್ನೊಂದು ದಿನ ಧರಣಿ ಕೂತೆವು. ಕೊನೆಗೆ ಅಧಿಕಾರಿ ಹೊರಬಂದು, ಮಣ್ಣಿನಲ್ಲಿ ಥಿನ್ನರ್ ಸಿಕ್ಕರೆ ಶೆಡ್ಡಿಗೆ ಬೀಗ ಹಾಕಿಸುತ್ತೇನೆ, ಮಾದರಿ ನೀವೇ ತನ್ನಿ ಎಂದ. ಹೇಗೆ ತರಬೇಕೆಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಘೋಷಣೆ ಕೂಗುವುದಷ್ಟೇ ಬರುತ್ತಿದ್ದ ನಾವು, ಶರೀಫಾ ಇದ್ದಾಳಲ್ಲ ಎಂದು ಬೀಡಿ ಹಚ್ಚಿದೆವು.

ಆಕೆ ಯಾರ ಮಣ್ಣಿಗೂ ಮಾಡದಷ್ಟು ಆರೈಕೆ ಮಾಡಿದಳು. ಪಡಸಾಲೆಯಲ್ಲಿ ಐದು ದಿನ ಹರವಿಟ್ಟು, ದಿನಕ್ಕೆರಡು ಸಲ ಕೈಯಾಡಿಸಿದಳು. ಮನೆಯೆಲ್ಲ ನಾತ. ಆರನೆಯ ದಿನ ನಾತ ಹೋಯಿತು. ಚೆನ್ನಾಗಿ ಒಣಗಿತೆಂದು ಚೀಲ ಕಟ್ಟಿದಳು.

ತಿಂಗಳ ಮೇಲೆ ವರದಿ ಬಂತು: ಪತ್ತೆಯಾಗಿಲ್ಲ. ಶೆಡ್ಡಿನವರು ಅದರ ಪ್ರತಿಯನ್ನು ಗೇಟಿಗೆ ಅಂಟಿಸಿದರು.

ಕಾಗದ ನೋಡಿ ಚನಬಸಪ್ಪ ಹಣೆ ಬಡಿದುಕೊಂಡ. "ಒಣಗಿಸಿದ್ಯೇನಬೇ ಇದನ್ನ?"

"ನೀವ ಕಲಿಸಿದ್ದಲ್ರೀ ಸರ?"

"ಅದು ಗೊಬ್ಬರದ ಪರೀಕ್ಷೆಗೆ. ರಂಜಕ, ಪೊಟ್ಯಾಷ್ ಎಲ್ಲೂ ಓಡಿ ಹೋಗೂದಿಲ್ಲ. ಇದು ಗಾಳಿಗೆ ಹಾರೂ ವಿಷ. ಹಸಿ ಮಣ್ಣು ಗಾಜಿನ ಬಾಟ್ಲಿಗೆ ಅಗದಿ ಒತ್ತಿ ತುಂಬಿ, ಮುಚ್ಚಿ, ಬರ್ಫದಾಗ ಇಟ್ಟು ಒಯ್ಬೇಕಾಗಿತ್ತು."

"ಹಂಗಾರ ಆ ಐದು ದಿನ ಅದನ್ನ ನಾವು ಮನ್ಯಾಗ ಕುಂತು ಉಸರಾಡಿದ್ವಿ?"

ಚನಬಸಪ್ಪ ಕನ್ನಡಕ ಒರೆಸಿಕೊಂಡ.

ಮರುದಿನ ಶರೀಫಾ ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಸಿ ಮಣ್ಣು ಗಿಡಿದು ತುಂಬಿ, ಹೊಸ ಅರ್ಜಿಯ ಜೊತೆ ಅದೇ ಅಧಿಕಾರಿಯ ಮೇಜಿನ ಮೇಲಿಟ್ಟಳು. ಒಮ್ಮೆ ವರದಿ ಬಂದ ಮೇಲೆ ಮತ್ತೆ ತೆಗೆದುಕೊಳ್ಳಲು ಬರುವುದಿಲ್ಲ ಎಂದ ಅವನು. ಆಕೆ ಮುಚ್ಚಳ ತಿರುವಿದಳು. ಗುಮಾಸ್ತ ಮೂಗಿಗೆ ಕರ್ಚೀಫು ಹಿಡಿದು ಕಿಟಕಿ ತೆರೆದ, ಫ್ಯಾನು ಜೋರು ಮಾಡಿದ.

"ನಾತ ಬರಾಕತ್ತೈತಿ ಹೌದಿಲ್ರಿ ಸಾಹೇಬ್ರ?"

"ಬರ್ತೈತಿ ಬಿಡವಾ. ವಾಸನಿಗೆ ಠಸ್ಸೆ ಹೊಡಿಯಾಕ ಬರೂದಿಲ್ಲ."

ಅರ್ಜಿಯ ಮೂಲೆಯಲ್ಲಿ "ಹಿಂದಿನ ವರದಿ ನೋಡಿ" ಎಂದು ಗೀಚಿ ವಾಪಸು ಕೊಟ್ಟ. ಆ ವರದಿಯಲ್ಲಿ, ಮಾದರಿ ತಂದವರು ಎಂಬಲ್ಲಿ ಶರೀಫಾಳದೇ ಸಹಿ.

ಶೆಡ್ ನಡೆದಿದೆ. ಈ ಮಳೆಗೂ ಆಕೆ ಭತ್ತ ನೆಟ್ಟಿದ್ದಾಳೆ. ಬೇರೆ ಗದ್ದೆ ಇಲ್ಲ. ಕಳೆಗೆ ಯಾರೂ ಬರುವುದಿಲ್ಲ. ಒಬ್ಬಳೇ ಕೀಳುತ್ತಾಳೆ. ಅರ್ಧ ತಾಸಿಗೊಮ್ಮೆ ಸೊಂಟ ನೆಟ್ಟಗೆ ಮಾಡಿ, ಗಾಳಿ ಬೀಸುವ ಕಡೆ ಮುಖ ತಿರುಗಿಸಿ ನಿಲ್ಲುತ್ತಾಳೆ, ಮತ್ತೆ ಬಗ್ಗುತ್ತಾಳೆ.