ಎರಡು ಗೆರೆ, ಒಂದು ಕೋಟು

ನಮ್ಮ ಬೀದಿಯ ಟೈಲರಮ್ಮ ಪತ್ರಿಕೆ ಓದಿದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು. ತೋಳು, ಕಾಲರು, ಬೆನ್ನು, ಯಾವುದರ ಅಚ್ಚು ಬೇಕಾದರೂ ಅವರಿಗೆ ಹಳೆಯ ಪತ್ರಿಕೆಯೇ ಆಗಬೇಕು. ಅವರ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸ ನನ್ನದು. ಆ ದಿನ ಅವರ ಕತ್ತರಿ ಒಂದು ಚಿತ್ರದ ಅಂಚಿಗೆ ಬಂದು ನಿಂತಿತು.

"ಇದೇನೇ, ಎರಡು ಗೆರೆ?"

ಓದಿ ಹೇಳಿದೆ. ಮೂವತ್ತು ವರ್ಷಗಳ ತಲಾ ಆದಾಯ. ಒಂದು ಗೆರೆ ನಮ್ಮ ದೇಶದ್ದು, ಇನ್ನೊಂದು ಹೊಳೆಯಾಚೆಯ ದೇಶದ್ದು. ಮೊದಲಿಗೆ ಅವರದು ನಮ್ಮದರ ಮೂರು ಪಟ್ಟು. ಆಮೇಲೆ ಅವರ ಗೆರೆ ಮಲಗಿಬಿಟ್ಟಿದೆ. ನಮ್ಮದು ಮೆಲ್ಲಗೆ ಹತ್ತುತ್ತಾ ಬಂದು ಈ ವರ್ಷ ಅದನ್ನು ದಾಟಿದೆ.

"ತಲಾ ಅಂದ್ರೆ?"

"ಎಲ್ಲರ ದುಡಿಮೆ ಕೂಡಿಸಿ ತಲೆಗಿಷ್ಟು ಅಂತ ಭಾಗ ಮಾಡೋದು."

"ಹಂಗಾದ್ರೆ ನನ್ನ ತಲೆಯ ಪಾಲು ಯಾರ ಮನೇಲಿ ಕೂತಿದೆಯೋ! ಬೀದಿಯವರ ಅಳತೆಯೆಲ್ಲಾ ಕೂಡಿಸಿ, ಭಾಗ ಮಾಡಿ ಕೋಟು ಹೊಲಿದ್ರೆ ಯಾರ ಮೈಗೆ ಹಿಡಿಸುತ್ತೆ, ಹೇಳು?"

ನಗುತ್ತಲೇ ಅವರು ಆ ಮಲಗಿದ ಗೆರೆಯ ಮೇಲೆ ಬೆರಳಿಟ್ಟರು. ಹೊಳೆಯಾಚೆ ಅವರ ಅಕ್ಕ ಇದ್ದಾರೆ.

ಅಕ್ಕ ಮದುವೆಯಾಗಿ ಅತ್ತ ಹೋದಾಗ ಇವರಿಗೆ ಚಳಿಗೊಂದು ನೆಟ್ಟಗಿನ ಬಟ್ಟೆ ಇರಲಿಲ್ಲ. ಅಕ್ಕ ಬಂದಾಗಲೆಲ್ಲ ಒಂದು ಕೋಟು ತರುತ್ತಿದ್ದರು. "ನಂಗೆ ಬಿಗಿ ಆಯ್ತು ಕಣೇ. ಬಿಸಾಕೋಕೆ ಮನಸ್ಸು ಬರಲ್ಲ. ನೀನೇ ಹಿಡಿದು ಹೊಲಿದುಕೋ." ತೊಟ್ಟ ಬಟ್ಟೆಯ ಹೊಲಿಗೆ ಬಿಚ್ಚಿದರೆ ಒಳಮಡಿಕೆಯ ಬಣ್ಣ ಗಾಢವಾಗಿರುತ್ತದೆ, ಜೇಬಿನ ಮೂಲೆಯಲ್ಲಿ ನೂಲಿನ ಧೂಳು ಕೂತಿರುತ್ತದೆ. ಅಕ್ಕನ ಕೋಟುಗಳಿಗೆ ಒಳಗೂ ಹೊರಗೂ ಒಂದೇ ಬಣ್ಣ, ಜೇಬು ಚೊಕ್ಕ. ಎಲ್ಲವೂ ಹೊಸವು. ಟೈಲರಮ್ಮ ಅದನ್ನು ಎಂದೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಈಗ ಅಕ್ಕ ತೊಡುವ ಕೋಟಿನ ಮೊಣಕೈ ತೆಳ್ಳಗಾಗಿ ಹೊಳೆಯುತ್ತಿತ್ತು. ಹೋದ ಸಲ ಟೈಲರಮ್ಮ ಒಂದು ಶಾಲು ಕೊಟ್ಟಿದ್ದರು. ಅಕ್ಕ ಹೊರಟ ಮೇಲೆ ನೋಡಿದರೆ ಶಾಲು ದಿಂಬಿನ ಕೆಳಗಿತ್ತು. ಕೊಟ್ಟು ರೂಢಿಯಾದ ಕೈಗೆ ಚಾಚುವುದು ಕಷ್ಟ.

"ಈ ಸಲವೂ ಬಿಟ್ಟು ಹೋದ್ರೆ ನಂಗೆ ತಡೆಯೋಕಾಗಲ್ಲ ಕಣೇ," ಎಂದು ಟೈಲರಮ್ಮ ಒಳ್ಳೆಯ ಉಣ್ಣೆಬಟ್ಟೆ ಹರವಿದರು. ಎರಡು ಗೆರೆಯ ಆ ಕಾಗದವೇ ತೋಳಿನ ಅಚ್ಚಾಯಿತು. ಅಳತೆ ಕೇಳುವಂತಿರಲಿಲ್ಲ, ನೆನಪಿನಿಂದಲೇ ಕತ್ತರಿಸಿದರು. ನಾನು ಗುಂಡಿ ಹಾಕುವಾಗ ಒಂದೊಂದಕ್ಕೂ ದೇವರನ್ನು ನೆನೆದೆ.

ಅಕ್ಕ ಬಂದರು. ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತದೆ ಅಂದರು, "ಅಕ್ಕಾ, ಆ ಮೊಳೆಗೆ ಒಂದು ಕೋಟು ತಗುಲಿಸಿದೀನಿ ನೋಡು. ಗಿರಾಕಿ ರಿಪೇರಿಗೆ ಹಾಕಿ ಪತ್ತೆಯೇ ಇಲ್ಲ. ನುಸಿ ತಿನ್ನೋ ಬದಲು ನೀನಾದ್ರೂ ತೊಟ್ಟುಕೋ."

"ಯಾರವಳು, ದುಡ್ಡು ದಂಡ ಮಾಡಿ ಹೋದವಳು?"

"ಯಾರೋ ಮರೆಗುಳಿ."

ಅಕ್ಕ ಕೋಟನ್ನು ಇಳಿಸಿ ಬೆಳಕಿಗೆ ಹಿಡಿದರು. ಒಳಗಿನ ಮಡಿಕೆ ಬಿಡಿಸಿ ನೋಡಿದರು. ಆಮೇಲೆ ಜೇಬನ್ನು ಹೊರಗೆಳೆದು ಮೂಲೆಯನ್ನು ಉಗುರಿನಿಂದ ಸವರಿದರು. ಉಗುರಿಗೆ ಧೂಳು ಹತ್ತಲಿಲ್ಲ. ಟೈಲರಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು.

"ನಿಂಗೆ ಯಾವಾಗಿಂದ ಗೊತ್ತಿತ್ತೇ?" ಅಕ್ಕ ಕೇಳಿದರು.

"ಮೊದಲನೇ ಕೋಟಿಂದ."

"ಕಳ್ಳಿ!"

"ನೀನೇ ಕಲಿಸಿದ್ದು."

ಅಕ್ಕ ತಮ್ಮ ಹಳೆಯ ಕೋಟು ಕಳಚಿ ಹೊಸದಕ್ಕೆ ಕೈ ತೂರಿಸಿದರು. ಹೆಗಲು ಸರಿಯಾಗಿ ಕೂತಿತು. ತೋಳು ಮಾತ್ರ ಬೆರಳ ತುದಿಯವರೆಗೆ ಇಳಿಯಿತು. ಟೈಲರಮ್ಮನ ನೆನಪಿನಲ್ಲಿ ಅಕ್ಕ ಇನ್ನೂ ಎತ್ತರವಾಗಿದ್ದರು.

"ಬಿಚ್ಚಿ ಕೊಡು, ಸರಿ ಮಾಡ್ತೀನಿ," ಎಂದು ಟೈಲರಮ್ಮ ಎದ್ದರು.

"ಬೇಡ, ಚಳಿಗೆ ಕೈ ಮುಚ್ಚುತ್ತೆ." ಅಕ್ಕ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. "ಆ ನಿನ್ನ ಮರೆಗುಳಿಗೆ ಹೇಳು, ಮುಂದಿನ ಸಲ ತೋಳು ಎರಡು ಬೆರಳು ಗಿಡ್ಡ ಇರಲಿ ಅಂತ."