ಖಾಡಿಗೆ ಚೆಲ್ಲಿದ ಚರಗ

ರತ್ನಾಗಿರಿಗೆ ಬಂದ ಮೊದಲ ವಾರವೇ ನೆಲ ನನ್ನನ್ನು ನುಂಗಿತು. ಸುಳ್ಳಲ್ಲ! ಕಣ್ಣೆದುರು ಹರಡಿದ್ದದ್ದು ನಮ್ಮ ಗಡಹಿಂಗ್ಲಜದ ಎರೆ ಹೊಲದಂಥದೇ ಕಪ್ಪು, ಅಂಥದೇ ನುಣುಪು. ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದವಳಿಗೆ ಹೊಲ ತುಳಿಯುವುದನ್ನು ಯಾರು ಕಲಿಸಬೇಕು? ಸೀರೆ ಎತ್ತಿ ಕಟ್ಟಿ ಧೈರ್ಯವಾಗಿ ಕಾಲಿಟ್ಟೆ. ಮೊದಲು ಮೊಣಕಾಲು ಹೋಯಿತು, ಆಮೇಲೆ ತೊಡೆ. ಉಗುರಿನಷ್ಟು ದೊಡ್ಡ ಏಡಿಗಳು ಬಿಲದಿಂದ ಹೊರಬಂದು, ಒಂದು ಕೆಂಪು ಕೊಂಡಿ ಎತ್ತಿ ಹಿಡಿದು, ಯಾರಿದು ಎಂದು ನೋಡತೊಡಗಿದವು. ಅಳು ಬರಬೇಕಾದಲ್ಲಿ ನಗು ಬಂತು. ನಾನು ಕೆಲಸಕ್ಕೆ ಸೇರಿದ ಸಂಶೋಧನ ಕೇಂದ್ರದ ಆಳುಗಳು ಹಲಗೆ ಹಾಸಿ ನನ್ನನ್ನು ಎಳೆದುಕೊಂಡರು. ಚಪ್ಪಲಿಗಳು ಮಾತ್ರ ಇಂದಿಗೂ ಅಲ್ಲೇ ಇವೆ.

ನಾನು ಬೆಲ್ಲದ ವ್ಯಾಪಾರಿಯ ಮಗಳು. ಹಿರಣ್ಯಕೇಶಿಯ ದಂಡೆಗೆ ನಮ್ಮ ಕಬ್ಬು, ಜೋಳ, ಶೇಂಗಾ. ಪೇಟೆಯಲ್ಲಿ ಅಪ್ಪನ ಅಂಗಡಿ. ಕೊಲ್ಹಾಪುರದಲ್ಲಿ ಪ್ರಾಣಿಶಾಸ್ತ್ರ ಓದುವಾಗ ನನ್ನ ಪಾಲಿನ ಸಮುದ್ರ ಒಂದು ಗಾಜಿನ ಭರಣಿಯಲ್ಲಿತ್ತು. ಅದರೊಳಗೆ ಔಷಧದ ನೀರಿನಲ್ಲಿ ಮುಳುಗಿದ ಒಂದು ನಕ್ಷತ್ರಮೀನು. ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ರತ್ನಾಗಿರಿಯ ಸಮುದ್ರ ಸಂಶೋಧನ ಕೇಂದ್ರಕ್ಕೆ ಸಹಾಯಕರು ಬೇಕಾಗಿದ್ದಾರೆ ಎಂದು ನಮ್ಮ ಗುರುಗಳು ಹೇಳಿದರು. ನಾನು ಅರ್ಜಿ ಹಾಕಿಬಿಟ್ಟೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಮಾತ್ರ, “ಹೋಗಿ ಬರ್ಲಿ ಬಿಡು. ಒಗ್ಗದಿದ್ರ ತಾನ ತಿರುಗಿ ಬರ್ತಾಳ” ಎಂದರು. ಒಗ್ಗುವುದಿಲ್ಲ ಎಂದೇ ಅವರ ಲೆಕ್ಕ.

ಮನೆ ಸಿಗುವುದೇ ಮೊದಲ ಫಜೀತಿ. ಮೀನುಗಾರರ ಓಣಿಯಲ್ಲಿ ಜಾಗವಿತ್ತು, ಆದರೆ ಒಲೆಯ ವಾಸನೆ ನನಗೆ ಆಗಿಬರಲಿಲ್ಲ. ಮೀನು ಮುಟ್ಟದ ಮನೆಗಳಿದ್ದವು, ಆದರೆ ಮೀನಿಟ್ಟ ನನ್ನ ಬಾಟಲಿಗಳು ಅವರಿಗೆ ಆಗಿಬರಲಿಲ್ಲ. ಕೊನೆಗೆ, ಓಣಿಯವರೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಒಬ್ಬ ವಿಧವೆ ಬಾಗಿಲಲ್ಲೇ ನಿಲ್ಲಿಸಿ ಮರಾಠಿಯಲ್ಲಿ ವಿಚಾರಣೆ ನಡೆಸಿದರು.

“ಮಾಸೆ ಖಾತೇಸ್ ಕಾ?” ಮೀನು ತಿನ್ನುತ್ತೀಯಾ?

“ನಾಹೀ.” ಇಲ್ಲ.

“ಮಗ ಆಣತೇಸ್ ಕಶಾಲಾ?” ಹಾಗಾದರೆ ತರುವುದೇಕೆ?

“ಶಿಕಾಯಲಾ.” ಕಲಿಯಲಿಕ್ಕೆ.

ತಿನ್ನದವಳು ಮೀನಿನಿಂದ ಏನು ಕಲಿಯುತ್ತಾಳೋ ಎಂದು ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಬಾಟಲಿಗಳು ಅಂಗಳದ ಕಟ್ಟೆಯ ಮೇಲೆ, ನಾನು ಒಳಗೆ ಎಂದು ತೀರ್ಮಾನವಾಯಿತು.

ಮರಾಠಿ ನನಗೆ ಗೊತ್ತು ಎಂಬ ಹಮ್ಮು ಬೇಗ ಇಳಿಯಿತು. ಗಡಹಿಂಗ್ಲಜದ ಮರಾಠಿಗೆ ಇಲ್ಲಿಯ ಮಂದಿ ಮೂಗಿನಲ್ಲಿ ನಗುತ್ತಾರೆ. ಕಡಲಿನ ನೀರು ಒಳನುಗ್ಗುವ ಹಿನ್ನೀರಿಗೆ ಖಾಡಿ ಎನ್ನುತ್ತಾರೆ. ನೀರು ಏರಿದರೆ ಭರತಿ, ಇಳಿದರೆ ಓಹೋಟಿ. ನಮ್ಮಲ್ಲಿ ಹೊತ್ತು ನೋಡಲು ಸೂರ್ಯ ಸಾಕು. ಇಲ್ಲಿ ಮದುವೆಯ ಮಾತುಕತೆಗೆ ಹೊರಡುವವರೂ ಭರತಿ ಎಷ್ಟೊತ್ತಿಗೆ ಎಂದು ಕೇಳಿಯೇ ದೋಣಿ ಹತ್ತುತ್ತಾರೆ. ದಿನವೂ ಹೊತ್ತು ಬದಲಿಸುವ ಈ ನೀರಿನ ಲೆಕ್ಕ ನನಗೆ ಬಾಯಿಪಾಠವಾದ ದಿನ ಕಾಕೂ ಎದುರಿಗೆ ಕುಣಿದಾಡಿದ್ದೆ.

ರೊಟ್ಟಿಯದೇ ಗೋಳು. ಮೂರು ಹೊತ್ತು ಅನ್ನ ತಿಂದು ಹೊಟ್ಟೆ ತುಂಬುತ್ತಿತ್ತು, ಊಟ ಮಾಡಿದಂತಾಗುತ್ತಿರಲಿಲ್ಲ. ಮನೆಯ ನೆನಪು ಜಾಸ್ತಿಯಾದಾಗ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಕಡಲಿನ ಸದ್ದು ಕೇಳುತ್ತ ಮಲಗುತ್ತಿದ್ದೆ. ಇಚಲಕರಂಜಿಯ ಸೋದರಮಾವನ ಮನೆಯಲ್ಲಿ ಗೋಡೆಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದರೆ ನಮಗೆಲ್ಲ ಗಾಢ ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರ. ಸಮುದ್ರಕ್ಕೆ ಕರೆಂಟು ಹೋಗುವ ಭಯವಿಲ್ಲ ಎಂದು ಮಾವನಿಗೆ ಹೇಳಿ ನಗಿಸಿದ್ದೆ.

ಇದೆಲ್ಲವನ್ನೂ ಮರೆಸಿದ್ದು ಕಾಂದಳ. ಖಾಡಿಯ ಉಪ್ಪು ಕೆಸರಿನಲ್ಲಿ, ನೆಲದಿಂದ ಮೇಲೆ ಬೇರುಗಳನ್ನೂರಿ ನಿಂತಿರುವ ಮರ. ಕೇಂದ್ರದ ಮುಖ್ಯಸ್ಥರಾದ ಸಾಹೇಬರು ನನಗೆ ಒಂದು ಖಾಡಿಯ ಅಂಚನ್ನು ತೋರಿಸಿ, “ಈ ಬೇರುಗಳ ಸಂದಿಯಲ್ಲಿ ಯಾವ ಯಾವ ಮೀನಿನ ಮರಿ ಬೆಳೆಯುತ್ತವೆ, ನೋಡಿ ಹೇಳು” ಎಂದಿದ್ದರು. ಭರತಿಯ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತರೆ ಕೋಟಿ ಮರಿಗಳು ಕಾಲಿಗೆ ಕಚಗುಳಿಯಿಡುತ್ತಿದ್ದವು. ಕಡಲಿನ ತೊಟ್ಟಿಲೇ ಇದು! ಇಂಥ ಕೆಲಸಕ್ಕೆ ಪಗಾರ ಬೇರೆ ಕೊಡುತ್ತಾರೆ ಎಂದು ನನಗೆ ಬಹಳ ದಿನ ನಂಬಿಕೆಯೇ ಬಂದಿರಲಿಲ್ಲ.

ಮಳೆಗಾಲ ಮುಗಿಯುತ್ತಲೇ ಅಪ್ಪ ಅವ್ವ ನನ್ನನ್ನು ನೋಡಲು ಬಂದರು. ಅಪ್ಪ ಸಮುದ್ರದ ಕಡೆ ಒಮ್ಮೆ ನೋಡಿ ಕೈಮುಗಿದು ಬೆನ್ನು ತಿರುಗಿಸಿದರು. ಖಾಡಿಯ ಹತ್ತಿರ ಬಂದಾಗ ಮಾತ್ರ ಕಾಲು ಕಿತ್ತಿಡಲಿಲ್ಲ. ಬಗ್ಗಿ ಒಂದು ಹಿಡಿ ಕೆಸರು ತೆಗೆದು ಉಂಡೆ ಕಟ್ಟಿದರು, ಹಿಸುಕಿದರು, ನಾಲಿಗೆಗೆ ಹಚ್ಚಿ ನೋಡಿದರು.

“ಏನ್ ಮಣ್ಣ ಐತಿ ಇದು! ಬೆಣ್ಣಿ, ಬೆಣ್ಣಿ! ಇಷ್ಟ ಎರಿ ಬೀಳ ಬಿಟ್ಟಾರಲ್ಲ ಈ ಮಂದಿ!”

“ಸವಳ ಐತ್ರಿ ಅಪ್ಪಾ. ಉಪ್ಪ.”

“ನಮ್ಮ ಕಬ್ಬಿನ ಹೊಲದಾಗ ಸವಳ ಏಳಂಗಿಲ್ಲೇನು? ಒಡ್ಡ ಹಾಕಿ ಸಮುದ್ರದ ನೀರ ತಡದ್ರ, ಮಳಿನ ಉಪ್ಪ ತೊಳೀತೈತಿ. ಭತ್ತ ಬಂಗಾರದಂಗ ಬರ್ತೈತಿ.”

“ಈ ಗಿಡಾ?”

“ಕಡದ್ರಾತು. ಬೆಲ್ಲದ ಒಲಿಗಿ ಉರಿ ಛಲೋ ಆಗ್ತಾವ.”

ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊಂಕಣದಲ್ಲಿ ಎಷ್ಟೋ ಖಾಡಿಗಳು ಹೀಗೆಯೇ ಗದ್ದೆಯಾಗಿವೆ. ಮೀನಿನ ಮರಿಗಳ ಕಥೆಯನ್ನು ನನಗೆ ಬಂದಷ್ಟು ಹೇಳಿದೆ. ಕಾಂದಳ ಹೋದರೆ ಮರಿ ಹೋಗುತ್ತವೆ, ಮರಿ ಹೋದರೆ ಮೀನುಗಾರರ ಬಲೆ ಬರಿದಾಗುತ್ತದೆ ಎಂದೆ.

“ನಾವೇನ್ ಮೀನ ತಿನ್ನೂ ಮಂದಿ ಅಲ್ಲ” ಎಂದು ಅಪ್ಪ ಮಾತು ಮುಗಿಸಿದರು.

ಆ ಜಾಗದ ಖಾಸಗಿ ಒಡೆಯರನ್ನು ಹುಡುಕಿಕೊಂಡು ಹೋಗಿಯೂ ಬಂದರು. ಅವರಿಗೆ ಸಂತೋಷವೋ ಸಂತೋಷ. ಕೆಸರು ಕೇಳಿಕೊಂಡು ಬಂದ ಗಿರಾಕಿ ಅವರಿಗೆ ಎಲ್ಲಿ ಸಿಗಬೇಕು? ಮಾರನೆಯ ದಿನ ಸೀಗಿ ಹುಣ್ಣಿಮೆ. ಪೂಜೆ ಮುಗಿಸಿ ಮಾತು ಪಕ್ಕಾ ಮಾಡುವುದೆಂದಾಯಿತು. “ಹುಣ್ಣಿಮಿ ನಮ್ಮ ಹೊಸಾ ಹೊಲದಾಗ ಮಾಡೂಣು” ಎಂದರು ಅಪ್ಪ. ನನಗೆ ಊಟ ಸೇರಲಿಲ್ಲ. ಸಾಹೇಬರಿಗೆ ದೂರು ಕೊಟ್ಟರೆ ಅಪ್ಪನ ವಿರುದ್ಧ ನಿಂತಂತೆ. ಮನೆಗೆ ನಡೆ ಎಂದುಬಿಟ್ಟಾರು. ಸುಮ್ಮನಿದ್ದರೆ ನನ್ನ ಖಾಡಿಗೆ ಕೊಡಲಿ ಬಿತ್ತು.

ಸೀಗಿ ಹುಣ್ಣಿಮೆಯೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಬೆಳೆ ಹೊತ್ತ ಭೂಮಿ ಅಂದು ಬಸುರಿ. ಅವಳ ಬಯಕೆಗೆ ಕಡುಬು, ಪಲ್ಯ, ಹೋಳಿಗೆ ಒಯ್ದು ಹೊಲದ ತುಂಬ ಚೆಲ್ಲುತ್ತೇವೆ, ಅದೇ ಚರಗ. ಅವ್ವ ಕಾಕೂನ ಒಲೆಯನ್ನು ಬೆಳಕು ಹರಿಯುವ ಮುಂಚೆಯೇ ಹಿಡಿದಿದ್ದಳು. ಓಹೋಟಿಯಿತ್ತು, ಕೆಸರಿನ ಅಂಚಿಗೆ ಐದು ಕಲ್ಲಿಟ್ಟು ಪೂಜೆ ಮಾಡಿದೆವು. ಅವ್ವನ ಪೂಜೆ ನಿಧಾನ. ಅಷ್ಟರಲ್ಲಿ ಹುಣ್ಣಿಮೆಯ ದೊಡ್ಡ ಭರತಿ ಸದ್ದಿಲ್ಲದೆ ಏರತೊಡಗಿತು. ಕಲ್ಲುಗಳು ತೋಯ್ದವು. ಅಪ್ಪ ಪಂಜೆ ಮೇಲೆ ಕಟ್ಟಿ, ಬುಟ್ಟಿ ಹಿಡಿದು, ಕಾಂದಳದ ಬುಡಕ್ಕೆ ಕೈತುಂಬ ಚರಗ ಚೆಲ್ಲಿದರು.

ನೀರು ಕುದಿಯಿತು! ಬೇರಿನ ಸಂದಿ ಸಂದಿಯಿಂದ ಮರಿಗಳು ನುಗ್ಗಿ ಬಂದು ಕಡುಬಿಗೆ ಮುತ್ತಿದವು. ಅಪ್ಪ ಹಿಂದೆ ಸರಿದರು. ಅವ್ವ ಮಾತ್ರ ತಲೆಯ ಮೇಲೆ ತೂಗುತ್ತಿದ್ದ ಹಸಿರನ್ನು ನೋಡುತ್ತಿದ್ದಳು.

“ಇದೇನ ಗಿರಿಜಾ, ನುಗ್ಗಿಕಾಯಿ ಇದ್ದಂಗ ಐತಿ?”

“ಕಾಯಿ ಅಲ್ಲವಾ, ಸಸಿ. ಇದರ ಬೀಜಾ ಗಿಡದ ಮ್ಯಾಲ ಇದ್ದಾಗನ ಮೊಳೀತೈತಿ. ತಾಯಿ ಹೊತ್ತು ಬೆಳಸಿ, ಆಮ್ಯಾಲ ಕೆಸರಿಗೆ ಬಿಡ್ತೈತಿ.”

ಅವ್ವ ಮುಟ್ಟಲು ಹೋದ ಕೈ ಹಿಂದೆ ತೆಗೆದುಕೊಂಡಳು. “ಹಂಗಾರ ಗಿಡಾ ಬಸರೈತಿ.” ಆಮೇಲೆ ಅಪ್ಪನ ಕಡೆ ತಿರುಗಿದಳು. “ಅಲ್ರೀ, ಈಗ ನಿಮ್ಮ ಕೈಲೆ ಬಯಕಿ ಉಣಿಸೀರಿ. ನಾಳೆ ಅದ ಕೈಲೆ ಕೊಡ್ಲಿ ಹಾಕ್ತೀರೇನು?”

“ನನಗೆಲ್ಲಿ ಗೊತ್ತಿತ್ತ?”

“ಗೊತ್ತಿರ್ಲಿಲ್ಲಂದ್ರ ಚರಗ ತಿರುಗಿ ಬರ್ತೈತೇನ್ರೀ? ಉಂಡಾವ ನೋಡ್ರಿ ಕೂಸುಗಳು.”

ಅಪ್ಪ ನೀರಿನ ಕಡೆ ನೋಡಿದರು, ಮರದ ಕಡೆ ನೋಡಿದರು. ಬುಟ್ಟಿಯಲ್ಲಿ ಉಳಿದಿದ್ದನ್ನೂ ಚೆಲ್ಲಿದರು. “ನಡೀರಿ, ಅರಿವಿ ತೊಯ್ಯಾಕತ್ತಾವ” ಎಂದಷ್ಟೇ ಹೇಳಿ ದಂಡೆ ಹತ್ತಿದರು. ಸಂಜೆ ಒಡೆಯರ ಮನೆಗೆ ಹೋಗಿ ಬ್ಯಾಡ ಎಂದು ಹೇಳಿ ಬಂದರು. ನನಗೆ ಕುಣಿಯಬೇಕೆನಿಸಿತು. ಇಷ್ಟು ದಿನ ಓದಿದ್ದನ್ನೆಲ್ಲ ಸುರಿದರೂ ಕದಲದ ಅಪ್ಪ, ಅವ್ವನ ಒಂದು ಮಾತಿಗೆ ಕದಲಿದ್ದರು! ಸಾಹೇಬರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುವಾರವೇ ಓಡಾಡಿ, ಆ ಅಂಚನ್ನು ಯಾರೂ ಕಡಿಯದಂತೆ ಅಭ್ಯಾಸಕ್ಕೆ ಬಿಟ್ಟುಕೊಡಲು ಒಡೆಯರನ್ನು ಒಪ್ಪಿಸಿದರು. ಅದನ್ನು ಕಾಯುವುದು ಈಗ ನನ್ನ ಕೆಲಸ.

ಈ ವರ್ಷದ ಸೀಗಿ ಹುಣ್ಣಿಮೆಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ರತ್ನಾಗಿರಿಯಲ್ಲಿ ರೊಟ್ಟಿಗೆ ಹಂಬಲಿಸುವವಳಿಗೆ ಗಡಹಿಂಗ್ಲಜದ ಗಾಳಿ ಉಪ್ಪಿಲ್ಲದೆ ಸಪ್ಪೆ ಎನಿಸಿತು. ನಮ್ಮ ಜೋಳದ ಹೊಲದಲ್ಲಿ ಐದು ಕಲ್ಲಿನ ಪೂಜೆ ನಡೆದಾಗ, ಈಗ ನೀರು ಬರಬೇಕಲ್ಲ ಎಂದು ಕಾಲ ಬುಡ ನೋಡಿಕೊಂಡೆ. ಪಕ್ಕದ ಹೊಲದವರು ಅಪ್ಪನನ್ನು ಕೇಳುತ್ತಿದ್ದರು:

“ಮಗಳು ಸಮುದ್ರದ ದಂಡಿಗಿ ಏನ್ ಮಾಡ್ತಾಳ್ರಿ ಸಾವಕಾರ್ರ?”

“ಅಲ್ಲೊಂದ ಹೊಲಾ ಐತ್ರಿ. ನೋಡ್ಕೊಂತ ಇರ್ತಾಳ.”

“ಹೌದ್ರಿ? ಏನ್ ಬೆಳಿತೀರಿ?”

“ಬೆಳಿ ನಮ್ದಲ್ರಿ” ಎಂದರು ಅಪ್ಪ, ಗಂಭೀರವಾಗಿ.

ಮರುದಿನ ನಸುಕಿನಲ್ಲಿ ಬಸ್ಸು ಹತ್ತುವಾಗ ಅಪ್ಪ ಕಿಟಕಿಯಿಂದ ಒಂದು ಅರಿವೆಯ ಗಂಟು ಕೊಟ್ಟರು. “ನಿನ್ನ ಹೊಲದ ಚರಗ. ಹಳಸೂದರೊಳಗ ಚೆಲ್ಲು. ಭರತಿ ನೋಡ್ಕೊಂಡು ಚೆಲ್ಲವಾ.” ಅಪ್ಪನ ಬಾಯಲ್ಲಿ ಭರತಿ ಎಂಬ ಮಾತು ಕೇಳಿ ಕಣ್ಣು ತುಂಬಿ ಬಂತು. ಕೊಲ್ಹಾಪುರ ದಾಟಿ, ಘಟ್ಟ ಇಳಿಯುವ ತನಕ ಗಂಟು ನನ್ನ ಮಡಿಲಲ್ಲೇ ಇತ್ತು. ನನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ನಾನೀಗ ತಡವರಿಸುತ್ತೇನೆ.

ಖಾಡಿಗೆ ಹೋದಾಗ ಭರತಿ ಏರುತ್ತಿತ್ತು. ಕಾಂದಳದ ಬುಡಕ್ಕೆ ಚರಗ ಚೆಲ್ಲಿದೆ. ಮರಿಗಳು ಓಡಿ ಬಂದವು. ಒಂದು ಕಡುಬನ್ನು ಮಾತ್ರ ಅವಕ್ಕೆ ಕೊಡದೆ ನಾನೇ ತಿಂದೆ. ಮೊಣಕಾಲ ತನಕ ಉಪ್ಪುನೀರು, ಬಾಯ್ತುಂಬ ಗಡಹಿಂಗ್ಲಜದ ಬೆಲ್ಲ.