ಒಂದೇ ಜೋಡಿ ಕಣ್ಣು

ಹಳೆಯ ಫೋಟೋ ಕೇಳಲು ಹೋದವರು ಮೊದಲು ಚಹಾ ಕುಡಿಯಬೇಕು. ಚಹಾ ಮುಗಿಯುವ ಹೊತ್ತಿಗೆ ಮನೆಯವರ ನೋಟ ತಾನಾಗಿಯೇ ಗೋಡೆಯ ಕಡೆ ಹೊರಳುತ್ತದೆ. ಕೇಳುವುದು ಆಗ. ಸಗರದ ಗ್ರಂಥಾಲಯದಲ್ಲಿ ಖಾಲಿ ಬಿದ್ದಿದ್ದ ಕೋಣೆಯೊಂದರಲ್ಲಿ ಊರಿನ ಹಳೆಯ ಮುಖಗಳನ್ನೆಲ್ಲ ತೂಗುಹಾಕಬೇಕೆಂದು ನಾವು ಕೆಲವು ಹೆಂಗಸರು ಮಾತಾಡಿಕೊಂಡಿದ್ದೆವು. ವಾರಕ್ಕೊಮ್ಮೆ ಶಹಾಪುರದಿಂದ ಬಸ್ಸು ಹತ್ತಿ ಮನೆಮನೆ ತಿರುಗುವುದು ನನ್ನ ಪಾಲಿಗೆ ಬಂತು. ಚೀಲದಲ್ಲಿ ಒಂದು ಇಕ್ಕಳ, ಹಳೆ ಧೋತರದ ಮೆತ್ತನೆಯ ತುಂಡು, ಒಂದಿಷ್ಟು ಅರಳೆ. ಕಟ್ಟಿನ ಹಿಂದಿನ ಮೊಳೆ ಕಿತ್ತು ಫೋಟೋ ಹೊರಗೆ ತೆಗೆಯುವುದು, ಕಿಟಕಿಯ ಬೆಳಕಿಗಿಟ್ಟು ಮೊಬೈಲಿನಲ್ಲಿ ಹಿಡಿಯುವುದು, ಮತ್ತೆ ಮೊದಲಿನಂತೆ ಮೊಳೆ ಬಡಿದು ಕೊಡುವುದು.

ಹಿಂದಿನ ಹೆಂಗಸರಿಗೆ ಇರುವುದು ಬಹಳಷ್ಟು ಸಲ ಒಂದೇ ಫೋಟೋ, ಅದೂ ಸತ್ತ ದಿನದ್ದು. ನಮ್ಮ ಮಂದಿಯಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಆಗ ಯಾರಿಗಾದರೂ ನೆನಪಾಗಿ ಶಹಾಪುರದ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ಕಟ್ಟು ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಫೋಟೋದಲ್ಲಿ ಕಣ್ಣು ತೆರೆದಿರುತ್ತಿದ್ದವು. ಸ್ಟುಡಿಯೋದವರು ಕುಂಚದಿಂದ ಬರೆದ ಕಣ್ಣು. ದೊಡ್ಡವರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.

ನಮ್ಮ ಅತ್ತೆಯದೂ ಅಂಥದೇ ಫೋಟೋ; ಮೊಬೈಲಿನಲ್ಲಿ ಮೊದಲು ಹಿಡಿದದ್ದು ಅದನ್ನೇ. ಅವರದು ಸಣ್ಣ ಕಣ್ಣು, ನಕ್ಕರೆ ಕಾಣುತ್ತಲೇ ಇರಲಿಲ್ಲ. ಫೋಟೋದಲ್ಲಿರುವುದು ಬಾದಾಮಿಯಂಥ ಅಗಲ ಕಣ್ಣು. ಅಡಿಗೆಮನೆಗೆ ಎದುರಾಗಿ ತೂಗಿರುವುದರಿಂದ ದಿನಾ ಅದನ್ನೇ ನೋಡಿ ನೋಡಿ, ಈಗ ಅತ್ತೆಯನ್ನು ನೆನಸಿಕೊಂಡರೂ ಬಾದಾಮಿಯೇ ಬರುತ್ತದೆ.

ಸಗರದ ಅಗಸಿ ಬಾಗಿಲ ಹತ್ತಿರದ ಮನೆಯಲ್ಲಿ ನನಗಿಂತ ತುಸು ಸಣ್ಣವಳೊಬ್ಬಳು ಇದ್ದಳು. ಅವಳು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದಳಂತೆ. ಫೋಟೋ ಇಳಿಸಿ ಸೆರಗಿನಿಂದ ಒರೆಸುತ್ತ ಅಂದಳು:

“ನಮ್ಮವ್ವಂದು ಅಂತ ನನಗಿರೋದು ಇದೊಂದ ನೋಟ ರೀ, ಅಕ್ಕಾ. ಹೊಲಕ್ಕ ಹೊಂಟರೂ ಅಕಿ ಕಣ್ಣಿಗಿ ಕಣ್ಣು ಕೂಡಿಸೇ ಹೋಗಾಕಿ ನಾ.”

ಮೊಳೆ ಕಿತ್ತೆ. ಕಟ್ಟಿನ ಅಂಚು ಮುಚ್ಚಿಕೊಂಡಿದ್ದ ಜಾಗದಲ್ಲಿ, ತಾಯಿಯ ಭುಜದ ಮೇಲೆ ಯಾರದೋ ಬೆರಳುಗಳು. ವಾಲದಂತೆ ಹಿಡಿದ ಬೆರಳು. ಬೇಗ ಬೇಗ ಮೊಬೈಲಿನಲ್ಲಿ ಹಿಡಿದು ಮತ್ತೆ ಮೊಳೆ ಬಡಿದೆ.

“ಮತ್ಯಾರ್‍ಯಾರ ಫೋಟೋ ತಗದೀರಿ? ತೋರಸ್ರಿ ಜರಾ,” ಎಂದು ಮೊಬೈಲು ಇಸಿದುಕೊಂಡಳು. ಒಂದೊಂದೇ ಸರಿಸುತ್ತ ನಗತೊಡಗಿದಳು. “ಈಕಿ ಆ ಮೂಲಿಮನಿ ಮುದುಕಿ ಅಲ್ಲೇನ್ರಿ? ಸತ್ತರೂ ಸಿಟ್ಟು ಇಳಿದಿಲ್ಲ ನೋಡ್ರಿ ಮಾರಿ ಮ್ಯಾಲಿಂದು!”

ಆಮೇಲೆ ಅವಳ ಬೆರಳು ನಿಧಾನವಾಯಿತು. ಹಿಂದಕ್ಕೆ ಹೋದಳು. ಮತ್ತೆ ಮುಂದಕ್ಕೆ ಬಂದಳು.

“ಅಕ್ಕಾ, ಇವರೆಲ್ಲಾ ಒಂದ ಹಂಗ ನೋಡಾಕತ್ತಾರಲ್ರಿ?”

ನಾನೂ ಗಮನಿಸಿದ್ದು ಆಗಲೇ. ವಾರಕ್ಕೊಂದು ಮನೆಯಂತೆ ಕಂಡವರನ್ನು ಸಾಲಾಗಿ ಎಂದೂ ನೋಡಿರಲಿಲ್ಲ. ಮೂಗು ಬೇರೆ, ಗದ್ದ ಬೇರೆ, ಮನೆತನ ಬೇರೆ; ಕಣ್ಣು ಮಾತ್ರ ಅವೇ. ಅದೇ ಬಾದಾಮಿ, ಕಪ್ಪಿನೊಳಗೆ ಅದೇ ಬಿಳಿ ಚುಕ್ಕೆ. ಅವಳ ತಾಯಿ, ನಮ್ಮ ಅತ್ತೆ, ಮೂಲೆಮನೆಯ ಮುದುಕಿ ಎಲ್ಲರೂ ಒಂದೇ ಜೋಡಿ ಕಣ್ಣಿನಿಂದ ನಮ್ಮಿಬ್ಬರನ್ನು ನೋಡುತ್ತಿದ್ದರು.

“ಬರೆದ ಕಣ್ಣದು, ತಂಗಿ,” ಅಂದೆ.

ಅವಳು ತಾಯಿಯ ಫೋಟೋ ಕೈಗೆತ್ತಿಕೊಂಡಳು. “ಹಂಗಾರ ಇಷ್ಟು ವರ್ಷ ನನ್ನ ಯಾರು ನೋಡಿದ್ರು?”

ಮರುದಿನ ಸ್ಟುಡಿಯೋದ ಮುದುಕರ ಹತ್ತಿರ ಹೋದೆ. ಸ್ಟುಡಿಯೋ ಈಗ ಜೆರಾಕ್ಸ್ ಅಂಗಡಿ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾರ ಕಣ್ಣು ಕಾಕಾ ಅವು, ಎಂದು ಕೇಳಿದೆ.

“ಯಾರವೂ ಅಲ್ಲವ್ವ. ನಾ ಹೋಗೂದ್ರಾಗ ಮುಚ್ಚಿರ್ತಿದ್ದವು. ಹ್ಯಾಂಗಿದ್ದವು ಅಂತ ಅಳೋರನ್ನ ಕೇಳಲೇನು? ಕೈಗಿ ಕಲ್ತದ್ದು ಅದೊಂದ, ಅದನ್ನ ಬರದೆ.” ತುಸು ತಡೆದು, “ಇವು ನಮ್ಮವ್ವನ ಕಣ್ಣಲ್ಲ ಅಂತ ಒಬ್ರೂ ತಿರುಗಿ ತರಲಿಲ್ಲ ನೋಡು,” ಅಂದರು. ನಾನು ಏಳುವಾಗ, “ಬ್ಯಾಡಾದ್ರ ಒದ್ದಿ ಮಾಡಿದ ಹತ್ತಿ ಅರಳಿಲೆ ಒರಸು. ಹೋಗ್ತದ,” ಎಂದರು.

ಮುಂದಿನ ವಾರ ಸಗರಕ್ಕೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಅಗಸಿಯ ಮನೆಯವಳಿಗೆ ಹೇಳಿದೆ. ಕೇಳಿದವಳೇ ಕೈ ಚಾಚಿದಳು. “ಕೊಡ್ರಿ ಅರಳಿ.”

“ತಡಿ ತಂಗಿ. ನಿಮ್ಮವ್ವ ಯಾರದರ ಮದುವಿಗಿ ಹೋಗಿರಬೇಕಲ್ಲ? ಆ ಫೋಟೋದಾಗ ಖರೇ ಕಣ್ಣಿರ್ತಾವ, ಹುಡುಕೂಣು.”

ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಮದುವೆಯ ಗುಂಪು ಫೋಟೋ ಕೇಳತೊಡಗಿದೆ. ಸಗರದಲ್ಲಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹುಣಸಗಿಯಲ್ಲಿ, ಆ ತಾಯಿಯ ಗೆಳತಿಯ ಮನೆಯಲ್ಲಿ. ಮುದುಕಿ ತನ್ನ ಮದುವೆಯ ಫೋಟೋ ತಂದು, ಹಿಂದಿನ ಸಾಲಿನ ಒಂದು ಮುಖಕ್ಕೆ ಬೆರಳಿಟ್ಟಳು. “ಈಕೀನ. ನನ್ನ ಮದುವ್ಯಾಗ ನನಕಿಂತ ಹೆಚ್ಚು ಹಾರ್‍ಯಾಡಿದಾಕಿ.”

ತಲೆಯ ಮೇಲಿನ ಸೆರಗು ಜಾರಿದೆ, ಬಾಯಿ ಅರ್ಧ ನಕ್ಕಿದೆ. ಕ್ಯಾಮೆರಾದ ಬೆಳಕಿಗೆ ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿವೆ.

ಪ್ರಿಂಟು ಹಾಕಿಸಿಕೊಂಡು ಸಗರಕ್ಕೆ ಹೋದೆ. ಬಸ್ಸಿನುದ್ದಕ್ಕೂ, ಇದನ್ನು ಕೊಡುವುದೋ ಬಿಡುವುದೋ ಎಂಬ ತೊಳಲಾಟ. ಮನೆಯೊಳಗೆ ಕಾಲಿಟ್ಟಾಗ ತಾಯಿಯ ಫೋಟೋ ಗೋಡೆಗೆ ಮುಖ ಮಾಡಿ ತೂಗುತ್ತಿತ್ತು. ಅದರ ಮೊಳೆಗೆ ಅಂದಿನ ಹೂವು.

“ತಗದಿಡಾಕ ಮನಸ ಬರಲಿಲ್ಲ, ನೋಡಾಕ ಧೈರ್ಯ ಬರಲಿಲ್ಲರಿ,” ಎಂದಳು.

ಪ್ರಿಂಟನ್ನು ಅವಳ ಕೈಗಿಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಆಮೇಲೆ ಒಮ್ಮೆಲೇ ನಕ್ಕಳು.

“ಅಯ್ಯ ನಮ್ಮವ್ವಾ! ಬದುಕಿದ್ದಾಗ ಮುಚ್ಚಿ, ಸತ್ತ ಮ್ಯಾಲ ತಗದೀ ಏನ!”

ನಗು ಹಾಗೆಯೇ ಅಳುವಾಯಿತು. ಅತ್ತು ಮುಗಿದ ಮೇಲೆ ಮತ್ತೆ ಕೈ ಚಾಚಿದಳು. ಈ ಸಲ ಅರಳೆ ಕೊಟ್ಟೆ, ಮೊಳೆ ಕಿತ್ತುಕೊಟ್ಟೆ. ತಂಬಿಗೆಯ ನೀರಲ್ಲಿ ಅದ್ದಿ ಹಿಂಡಿ, ಕೂಸಿನ ಕಣ್ಣಿನ ಪಿಸುರು ತೆಗೆಯುವ ಹಾಗೆ ಮೆಲ್ಲಗೆ ಒರೆಸಿದಳು. ಅರಳೆಗೆ ಮೊದಲು ಕಪ್ಪು ಬಂತು, ಆಮೇಲೆ ಬಿಳಿ. ಅದರ ಕೆಳಗೆ ಮುಚ್ಚಿದ ಎರಡು ರೆಪ್ಪೆ. ಮದುವೆಯ ಫೋಟೋದಲ್ಲಿದ್ದಂಥವೇ.

“ಭಾಳ ದಿನ ಎಚ್ಚರಿದ್ದೀ. ಇನ್ನ ಮಲಕೋ,” ಎಂದು ಫೋಟೋವನ್ನು ಮುಖ ಈ ಕಡೆಗೆ ಮಾಡಿ ತೂಗುಹಾಕಿದಳು.

ಗ್ರಂಥಾಲಯದ ಕೋಣೆಗೆ ಮದುವೆಯ ಫೋಟೋ ಹೋಯಿತು. ಉಳಿದವರು ಅದರ ಸುತ್ತ, ಅದೇ ಬಾದಾಮಿ ಕಣ್ಣು ತೆರೆದುಕೊಂಡು ನಿಂತಿದ್ದಾರೆ.

ಚೀಲದಲ್ಲಿ ಇನ್ನೂ ಸ್ವಲ್ಪ ಅರಳೆ ಉಳಿದಿದೆ. ನಾನು ಪಲ್ಯಕ್ಕೆ ಒಗ್ಗರಣೆ ಹಾಕಿ ತಿರುಗಿದರೆ ಅತ್ತೆ ನೋಡುತ್ತಿರುತ್ತಾರೆ. ಒರೆಸಬಹುದು. ಆದರೆ ಆ ಸಣ್ಣ ಕಣ್ಣು ಮೊದಲು ನನಗೆ ನೆನಪಾಗಲಿ ಎಂದು ಕಾಯುತ್ತಿದ್ದೇನೆ.